ಒಂದೇ ಭಾನುವಾರಕ್ಕೆ ಎರಡು ಬೀಗರೂಟ

ಆ ಭಾನುವಾರ ಬೆಳಿಗ್ಗೆ ಆರೂವರೆಗೆ ಫೋನ್ ಬಂದಾಗ ನಾನು ಮಂಡ್ಯದ ನಮ್ಮ ಮನೆಯ ಹಿತ್ತಲ ಕಟ್ಟೆಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದೆ. ಲೋಟದಲ್ಲಿ ಅರ್ಧ ಉಳಿದಿತ್ತು. ಇಷ್ಟು ಸಣ್ಣ ವಿವರ ನೆನಪಿರಲು ಕಾರಣವಿದೆ. ಅಂದು ಮಧ್ಯಾಹ್ನದವರೆಗೆ ನಡೆದದ್ದನ್ನು ಆಮೇಲೆ ಎಷ್ಟೋ ಸಲ ಮೊದಲಿನಿಂದ ಜೋಡಿಸಿ ನೋಡಿದ್ದೇನೆ. ಜೋಡಿಸುವಾಗೆಲ್ಲ ಹೆದರಿಕೆಯಾಗುತ್ತದೆ, ಜೊತೆಗೇ ನಗುವೂ ಬರುತ್ತದೆ. ಎರಡರಲ್ಲಿ ಯಾವುದು ಮೊದಲು ಬರುತ್ತದೆ ಎಂದು ಹೇಳಲಾರೆ.

ಫೋನ್ ಮಾಡಿದವರು ನನ್ನ ಸೋದರಮಾವ. ಮದ್ದೂರಿನ ಒಂದು ಛತ್ರದಲ್ಲಿ ಅವರು ಮ್ಯಾನೇಜರು.

"ಅಮ್ಮಿ, ಎದ್ದಿದ್ದೀಯಾ?"

"ಎದ್ದಿದ್ದೀನಿ ಮಾವ."

"ನಿನ್ ಕಂಪ್ಯೂಟ್ರು ಎದ್ದದಾ?"

"ಯಾಕೆ, ಏನಾಯ್ತು?"

"ಇಲ್ಲಿ ಎರಡು ಬೀಗರೂಟ ಬಂದು ಕುಂತದೆ ಕಣಮ್ಮಿ. ಎರಡು ಕಡೆಯೋರೂ ಒಲೆ ಅಚ್ಬುಟ್ಟವ್ರೆ. ಎರಡು ಕಡೆಯೋರ ಕೈಲೂ ರಸೀತಿ ಅದೆ, ನಿನ್ ಮಿಸೀನೇ ಕೊಟ್ಟಿರೋದು. ಯಾವ್ದು ನಿಜ ಯಾವ್ದು ಸುಳ್ಳು ಅಂತ ನೀನೇ ಬಂದು ಏಳ್ಬುಡು."

ಮಾವ ಹಾಸ್ಯ ಮಾಡುತ್ತಿದ್ದಾರೆ ಎಂದುಕೊಂಡೆ. ಹಿಂದಿನಿಂದ ಒಬ್ಬ ಗಂಡಸು "ಯಾವನ್ಲಾ ಅವ್ನು ಕೊಟ್ಟೋನು" ಎಂದು ಕೇಳುತ್ತಿದ್ದ ದನಿ ಕಿವಿಗೆ ಬಿತ್ತು. ಕಾಫಿ ಅಲ್ಲೇ ಬಿಟ್ಟು ಎದ್ದೆ.

ಆ ಛತ್ರದ ಬುಕ್ಕಿಂಗಿನ ಪ್ರೋಗ್ರಾಂ ಬರೆದವಳು ನಾನು. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವುದು ನನ್ನ ಕೆಲಸ. ಇಂಥವನ್ನು ನೆಂಟರಿಷ್ಟರಿಗೆ ಎಂದು ಬಿಡುವಿನಲ್ಲಿ ಮಾಡಿಕೊಡುತ್ತೇನೆ. ಪ್ರೋಗ್ರಾಂ ಬರುವ ಮೊದಲು ಮಾವ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಸುತ್ತು ಹಾಕುತ್ತಿದ್ದರು. ಒಂದು ತಾರೀಖಿಗೆ ಸುತ್ತು ಬಿತ್ತೆಂದರೆ ಅದು ಹೋಯಿತು ಎಂದು ಲೆಕ್ಕ. ಆ ಕ್ಯಾಲೆಂಡರನ್ನು ಮೊಳೆಯಿಂದ ಬಿಚ್ಚಿಸಿದವಳೂ ನಾನೇ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮದ್ದೂರು ಬರುವವರೆಗೆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ತಪ್ಪು ಎಲ್ಲಿರಬಹುದು ಎಂದು ಯೋಚಿಸಿದೆ. ಯೋಚಿಸಿದ್ದನ್ನು ಕ್ರಮವಾಗಿ ಹೇಳುತ್ತೇನೆ, ಮುಂದಿನದು ಅರ್ಥವಾಗಲು ಅದು ಬೇಕು.

ಛತ್ರದಲ್ಲಿ ಒಂದೇ ದಿನ ಎರಡು ಮದುವೆ ನಡೆಯುವುದುಂಟು. ಬೆಳಗಿನ ಜಾವದ ಮುಹೂರ್ತ ಒಂದು, ಗೋಧೂಳಿ ಮುಹೂರ್ತ ಇನ್ನೊಂದು. ಹಾಗಾಗಿ ಬರೀ ತಾರೀಖು ನೋಡಿ ಎರಡನೆಯವರನ್ನು ಹಿಂದಕ್ಕೆ ಕಳಿಸುವಂತಿಲ್ಲ. ತಾರೀಖು, ಮುಹೂರ್ತ ಎರಡೂ ಸೇರಿ ಒಂದೇ ಆಗಿದ್ದರೆ ಮಾತ್ರ ತಡೆಯಬೇಕು. ಇದಕ್ಕಾಗಿ ಡೇಟಾಬೇಸಿನಲ್ಲಿ ಆ ಎರಡು ಕಲಮುಗಳಿಗೆ, ಅಂದರೆ ತುಂಬಬೇಕಾದ ಎರಡು ಕಾಲಂಗಳಿಗೆ, ಒಟ್ಟಿಗೆ ಒಂದು ಯೂನಿಕ್ ಇಂಡೆಕ್ಸ್ ಹಾಕಿದ್ದೆ. ಹಾಗೆಂದರೆ ಒಂದು ಕಾವಲು: ಮೊದಲೇ ಇರುವ ಜೋಡಿಯನ್ನು ಮತ್ತೆ ಬರೆಯಲು ಹೋದರೆ ಅದು ಒಪ್ಪುವುದಿಲ್ಲ.

ಮೊಟ್ಟಮೊದಲು ಆ ಜೋಡಿಯನ್ನೇ ಪ್ರೈಮರಿ ಕೀ ಮಾಡಲು ಹೋಗಿದ್ದೆ. ಪ್ರೈಮರಿ ಕೀ ಎನ್ನುವುದು ಒಂದು ಸಾಲಿನ ಮುಖ್ಯ ಗುರುತು. ಅದರ ಯಾವ ಭಾಗವೂ ಖಾಲಿ ಇರಕೂಡದು. ಖಾಲಿ ಕಲಮಿಗೆ ನಮ್ಮ ಕಸುಬಿನಲ್ಲಿ ನಲ್ ಎನ್ನುತ್ತಾರೆ. ಅದು ಸೊನ್ನೆಯೂ ಅಲ್ಲ, ಇಲ್ಲ ಎಂಬ ಪದವೂ ಅಲ್ಲ, ಏನನ್ನೂ ಬರೆದಿಲ್ಲ ಎಂದಷ್ಟೇ ಅರ್ಥ. ನಮ್ಮ ಛತ್ರದಲ್ಲಿ ಖಾಲಿ ಬಂದೇ ಬರುತ್ತಿತ್ತು. ಮುಂದಿನ ಹಾಲಿನಲ್ಲಿ ಮದುವೆ, ಹಿಂದಿನ ಊಟದ ಶೆಡ್ಡಿನಲ್ಲಿ ಬೀಗರೂಟ. ಮದುವೆಗೆ ಮುಹೂರ್ತ ಇರುತ್ತದೆ. ಮದುವೆಯಾದ ಮೇಲೆ ಬೀಗರನ್ನು ಕರೆದು ಮಾಂಸದ ಊಟ ಹಾಕುವುದಕ್ಕೆ ಯಾರು ಮುಹೂರ್ತ ಕೇಳುತ್ತಾರೆ. ಹಸಿವಾದಾಗ ಉಣ್ಣುವುದು. ಮಾವ ಆ ಕಲಮನ್ನು ಖಾಲಿ ಬಿಡುತ್ತಿದ್ದರು, ಪ್ರೈಮರಿ ಕೀ ಒಪ್ಪದೆ ಹಟ ಹಿಡಿಯುತ್ತಿತ್ತು. ಅದು ಒಂದು ಎಚ್ಚರಿಕೆಯಾಗಿತ್ತು. ನಾನು ಅದನ್ನು ಎಚ್ಚರಿಕೆ ಎಂದು ತಿಳಿಯದೆ ಕಿರಿಕಿರಿ ಎಂದು ತಿಳಿದೆ. ರಸೀತಿ ನಂಬರನ್ನು ಪ್ರೈಮರಿ ಕೀ ಮಾಡಿ, ತಾರೀಖು ಮುಹೂರ್ತದ ಜೋಡಿಯನ್ನು ಯೂನಿಕ್ ಇಂಡೆಕ್ಸಿಗೆ ಇಳಿಸಿದೆ. ಯೂನಿಕ್ ಇಂಡೆಕ್ಸ್ ಖಾಲಿಯನ್ನು ಒಳಗೆ ಬಿಡುತ್ತದೆ.

ಆಮೇಲೆ ನಾಲ್ಕು ವರ್ಷ ಒಂದು ತೊಂದರೆಯೂ ಆಗಲಿಲ್ಲ. ಒಂದೇ ದಿನಕ್ಕೆ ಎರಡನೆಯ ಬೀಗರೂಟ ಬರೆಯಲು ಹೋದಾಗ ಕಂಪ್ಯೂಟರು ಒಪ್ಪುತ್ತಿರಲಿಲ್ಲ, ನಾನೇ ಕಣ್ಣಾರೆ ಕಂಡಿದ್ದೇನೆ. ಕಳೆದ ವರ್ಷ ಹಳೆಯ ಕಂಪ್ಯೂಟರು ಕೆಟ್ಟಿತು. ಹೊಸದಕ್ಕೆ ಬೇರೊಂದು ಡೇಟಾಬೇಸು ಹಾಕಿ, ಹಳೆಯ ಇಂಡೆಕ್ಸಿನ ಸಾಲನ್ನು ಅಕ್ಷರಕ್ಕೆ ಅಕ್ಷರ ನಕಲು ಮಾಡಿದೆ. ಎರಡು ಮದುವೆಗಳನ್ನು ಬರೆದು ಪರೀಕ್ಷೆ ಮಾಡಿದೆ, ತಡೆಯಿತು. ಎರಡು ಬೀಗರೂಟ ಬರೆದು ನೋಡಲಿಲ್ಲ.

ಬಸ್ಸು ಗೆಜ್ಜಲಗೆರೆ ದಾಟುವ ಹೊತ್ತಿಗೆ ಇಲ್ಲಿಯವರೆಗೆ ಬಂದಿದ್ದೆ.

ಛತ್ರದ ಹಿಂದಿನ ಗೇಟಿನಲ್ಲಿ ಎರಡು ಲಗೇಜು ಆಟೋ ಮೂತಿಗೆ ಮೂತಿ ಕೊಟ್ಟು ನಿಂತಿದ್ದವು. ಒಳಗೆ ಎಡಗಡೆ ಮೂರು ಒಲೆ, ಬಲಗಡೆ ನಾಲ್ಕು ಒಲೆ. ಎರಡೂ ಕಡೆ ದೊಡ್ಡ ಪಾತ್ರೆಗಳಲ್ಲಿ ಸಾರಿನ ನೀರು ಕಾಯುತ್ತಿತ್ತು. ಈರುಳ್ಳಿ ಹುರಿಯುವ ವಾಸನೆ ಎರಡು ದಿಕ್ಕಿನಿಂದ ಬಂದು ನಡುವೆ ಸೇರುತ್ತಿತ್ತು. ಎಡಗಡೆ ಒಬ್ಬ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿ ಮಸಾಲೆಯ ಉಪ್ಪು ನೋಡುತ್ತಿದ್ದರು. ಬಲಗಡೆ ದಪ್ಪ ಮೀಸೆಯ ಒಬ್ಬರು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ರಸೀತಿಯನ್ನು ಬೀಸಣಿಗೆಯಂತೆ ಆಡಿಸುತ್ತಿದ್ದರು. ನಡುವೆ ಮಾವ ನಿಂತಿದ್ದರು.

"ಇವಳೇ ಸಾ, ನಮ್ ಅಕ್ಕನ್ ಮಗಳು" ಎಂದರು ಮಾವ, ಅಪರಾಧಿಯನ್ನು ಒಪ್ಪಿಸುವ ದನಿಯಲ್ಲಿ.

ಮೀಸೆಯವರು ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದರು. "ಮೇಡಮ್ಮಾರೆ, ನಾನು ಶಿವಪುರದಿಂದ ಬಂದಿವ್ನಿ. ನಮ್ ಬೀಗರು ನೂರೈವತ್ತು ಜನ, ಮಂಡ್ಯದಿಂದ ಬತ್ತಾವ್ರೆ. ಈಯಮ್ಮ ಸೋಮನಳ್ಳಿಯೋರು. ಇವ್ರ ಬೀಗರು ನೂರತ್ತು ಜನ, ಕಿರುಗಾವಲ್ ಕಡೆಯಿಂದ. ಎಲ್ಲಾರ್ಗೂ ಅನ್ನೆರಡೂವರೆಗೆ ಏಳಿವಿ. ಈಗ ಏನ್ ಮಾಡನ, ನಿಮ್ ಕಂಪ್ಯೂಟ್ರಿಗೆ ಇಕ್ಕನಾ ಊಟವ?"

ಸುತ್ತ ನಿಂತಿದ್ದ ಅಡುಗೆಯವರು ನಕ್ಕರು. ಆ ಹೆಂಗಸು ನಗಲಿಲ್ಲ. ಸೌಟನ್ನು ಪಾತ್ರೆಯ ಅಂಚಿಗೆ ಒಮ್ಮೆ ತಟ್ಟಿ ಒಳಗಿಟ್ಟರು, ಅಷ್ಟೆ.

ಆಫೀಸಿನಲ್ಲಿ ಕೂತು ಆ ತಾರೀಖನ್ನು ತೆಗೆದೆ. ಎರಡು ಸಾಲು ಬಂದವು. ರಸೀತಿ ನಂಬರು ಬೇರೆ ಬೇರೆ. ತಾರೀಖು ಒಂದೇ. ಮುಹೂರ್ತದ ಕಲಮು ಎರಡರಲ್ಲೂ ಖಾಲಿ. ಒಂದನ್ನು ಮಾವ ಇಲ್ಲಿ ಬರೆದಿದ್ದರು, ಇನ್ನೊಂದನ್ನು ಛತ್ರದ ಯಜಮಾನರು ಮಂಡ್ಯದ ಮನೆಯಲ್ಲಿ ಕೂತು ಬರೆದಿದ್ದರು. ಎರಡು ಸಲವೂ ಕಂಪ್ಯೂಟರು ಒಪ್ಪಿತ್ತು. ಕ್ಯಾಲೆಂಡರಿದ್ದಾಗ ಬರೆಯುತ್ತಿದ್ದವರು ಮಾವ ಒಬ್ಬರೇ. ಪ್ರೋಗ್ರಾಂ ಬಂದ ಮೇಲೆ ಯಜಮಾನರೂ ಬರೆಯತೊಡಗಿದ್ದರು. ಕಾವಲು ಇದೆ ಎಂದು ಇಬ್ಬರೂ ನಂಬಿದ್ದರು.

ಮೀಸೆಯವರು, ಆ ಹೆಂಗಸು, ಮಾವ ಮೂವರೂ ನನ್ನ ಬೆನ್ನ ಹಿಂದೆ ನಿಂತು ನೋಡುತ್ತಿದ್ದರು.

"ತಾರೀಕು ಒಂದೇ ಅದೆ. ಅದರ ಪಕ್ಕ ಎರಡ್ರಲ್ಲೂ ಖಾಲಿ ಅದೆ. ಮತ್ತೆ ಎರಡೂ ಒಂದೇ ಅಲ್ವಾ" ಎಂದರು ಮೀಸೆಯವರು. "ನಾಕನೇ ಕ್ಲಾಸ್ ಓದಿರೋ ನಂಗೇ ಕಾಣ್ತದೆ, ಇದಕ್ಕೆ ಕಾಣಕಿಲ್ವಾ?"

"ಹಳೆಯದಕ್ಕೆ ಕಾಣ್ತಿತ್ತು" ಎಂದೆ. "ಅದು ಖಾಲಿಗೂ ಖಾಲಿಗೂ ಸಮ ಅಂತ ಲೆಕ್ಕ ಹಾಕ್ತಿತ್ತು. ಇದು ಹಾಗಲ್ಲ. ಖಾಲಿ ಅಂದ್ರೆ ಗೊತ್ತಿಲ್ಲ ಅಂತ ಇದರ ಲೆಕ್ಕ. ಗೊತ್ತಿಲ್ಲದ್ದು ಎರಡು ಇದ್ದರೆ, ಅವೆರಡೂ ಒಂದೇ ಅಂತ ಹೇಳೋಕೆ ಇದಕ್ಕೆ ಆಧಾರ ಇಲ್ಲ. ಅದಕ್ಕೇ ಎರಡನ್ನೂ ಒಳಗೆ ಬಿಟ್ಟಿದೆ."

"ಇದೇನ್ ನ್ಯಾಯ?"

ಆಗ ಆ ಹೆಂಗಸು ಮೊದಲ ಸಲ ಬಾಯಿ ಬಿಟ್ಟರು. "ನ್ಯಾಯವಾಗೇ ಅದೆ ಬುಡಿ ಅಣ್ಣ. ನಾನು ಇಸ್ಕೂಲಲ್ಲಿ ಬಿಸಿಯೂಟ ಮಾಡೋಳು. ಮಕ್ಕಳ ರಿಜಿಸ್ಟ್ರು ನಮ್ ಅಡಿಗೆಮನೇಲೇ ಇರ್ತದೆ. ಇಬ್ರು ಮಕ್ಕಳ ಅಪ್ಪನ ಎಸ್ರು ಖಾಲಿ ಬುಟ್ಟವ್ರೆ ಅನ್ನಿ. ಅಂಗಂತ ಇಬ್ರಿಗೂ ಒಬ್ನೇ ಅಪ್ಪ ಅಂದ್ಬುಡಕಾಯ್ತದಾ?"

ಮಾವ ಬೇರೆ ಕಡೆ ಮುಖ ತಿರುಗಿಸಿದರು. ಮೀಸೆಯವರ ಮೀಸೆ ಒಂದು ಕಡೆ ಎದ್ದಿತು. ಆಮೇಲೆ ಅವರು ನಗಲು ಶುರು ಮಾಡಿದರು, ಕುರ್ಚಿಯ ಬೆನ್ನು ಹಿಡಿದು. ನಾನು ಹದಿನೈದು ವರ್ಷ ತರಗತಿಯಲ್ಲಿ ಈ ಪಾಠ ಹೇಳಿದ್ದೇನೆ. ಬೋರ್ಡಿನ ತುಂಬ ಬರೆದು, ಎರಡು ನಲ್‌ಗಳು ಸಮವೂ ಅಲ್ಲ ಅಸಮವೂ ಅಲ್ಲ ಎಂದು ಒತ್ತಿ ಒತ್ತಿ ಹೇಳಿದ್ದೇನೆ. ಇಷ್ಟು ಚೆನ್ನಾಗಿ ಒಂದು ಸಲವೂ ಹೇಳಿಲ್ಲ. ಹೇಳಿದ್ದನ್ನು ನನ್ನ ಕೆಲಸದಲ್ಲೇ ನೆನಪಿಟ್ಟುಕೊಂಡಿಲ್ಲ. ನನಗೂ ನಗು ಬಂತು, ನಿಲ್ಲಿಸಲು ಆಗಲಿಲ್ಲ. ಕಣ್ಣಲ್ಲಿ ನೀರು ಬಂತು. ಅದು ಭಯದ ನಗು ಎಂದು ಗೊತ್ತಿದ್ದೂ ನಕ್ಕೆ.

ಭಾನುವಾರವೇ ಎರಡೂ ಬಂದದ್ದು ಆಕಸ್ಮಿಕವೇನಲ್ಲ. ಸೋಮವಾರ, ಶನಿವಾರ ನಮ್ಮ ಕಡೆ ಬಹಳ ಮನೆಗಳಲ್ಲಿ ಮಾಂಸ ಮುಟ್ಟುವುದಿಲ್ಲ. ಕೆಲವರಿಗೆ ಗುರುವಾರವೂ ಆಗದು. ಕೆಲಸಕ್ಕೆ ಹೋಗುವವರಿಗೆ ವಾರದ ಉಳಿದ ದಿನ ರಜೆಯಿಲ್ಲ. ಎಲ್ಲರ ಬೀಗರೂಟವೂ ಹೀಗೆ ಸೋಸಿ ಸೋಸಿ ಭಾನುವಾರಕ್ಕೇ ಬಂದು ನಿಲ್ಲುತ್ತದೆ. ಖಾಲಿ ಕಲಮುಗಳೆಲ್ಲ ಒಂದೇ ವಾರದ ಮೇಲೆ ಬೀಳುತ್ತಿದ್ದವು. ಇಷ್ಟು ದಿನ ಗುದ್ದಾಡಿಕೊಳ್ಳದೆ ಇದ್ದದ್ದೇ ಹೆಚ್ಚು.

ಸಾರು ಒಲೆಯ ಮೇಲಿತ್ತು. ಯಾರನ್ನೂ ಹಿಂದಕ್ಕೆ ಕಳಿಸುವಂತಿರಲಿಲ್ಲ. ಉಳಿದ ಪ್ರಶ್ನೆ ಮೊದಲ ಪಂಕ್ತಿಯದು. ಬೀಗರನ್ನು ಮೊದಲ ಪಂಕ್ತಿಯಲ್ಲೇ ಕೂರಿಸಬೇಕು. ಮನೆಯವರು, ಊರವರು ಆಮೇಲೆ. ಬೀಗರು ಎರಡನೆಯ ಪಂಕ್ತಿಗೆ ಕಾದು ನಿಂತರೆ ಅದು ಊಟವಲ್ಲ, ಅವಮಾನ. ಶೆಡ್ಡಿನಲ್ಲಿ ಮೇಜು ಹನ್ನೆರಡು ಸಾಲು, ಸಾಲಿಗೆ ಇಪ್ಪತ್ತು ಎಲೆ. ಒಟ್ಟು ಇನ್ನೂರ ನಲವತ್ತು. ಬೀಗರು ಇನ್ನೂರ ಅರವತ್ತು.

"ಚೀಟಿ ಎತ್ತನ" ಎಂದರು ಮಾವ.

"ಚೀಟಿ ಎತ್ತಿ ಸೋತ್ರೆ ನಮ್ ಬೀಗರಿಗೆ ನೀನ್ ಏಳ್ತೀಯಾ?" ಎಂದರು ಮೀಸೆಯವರು.

ಮಾವ ಹರಿಯಲು ತೆಗೆದಿದ್ದ ಕಾಗದವನ್ನು ಮತ್ತೆ ಜೇಬಿಗೆ ಹಾಕಿಕೊಂಡರು.

ಆ ಹೆಂಗಸು ಎಡಗಡೆಯ ಒಲೆಯ ಹತ್ತಿರಕ್ಕೆ ಹೋದರು. ನಾನು ಹಿಂದೆಯೇ ಹೋಗಿ, ತಪ್ಪು ನನ್ನದು, ಕ್ಷಮಿಸಿ ಎಂದೆ. ಅವರು ಬೋಟಿಯ ಪಾತ್ರೆಯ ಮುಚ್ಚಳ ಎತ್ತಿ ನೋಡಿ ಮತ್ತೆ ಮುಚ್ಚಿದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು.

"ನಿನ್ನ ಬೈದು ಏನ್ ಮಾಡ್ಲವ್ವ. ನಮ್ ಸೊಸೆಗೆ ಒಬ್ಬಳು ಅಜ್ಜಿ ಅವ್ಳೆ. ಆ ಮನೇಲಿ ಅವಳು ಏಳ್ದಂಗೇ ಎಲ್ಲಾ. ನಿಶ್ಚಿತಾರ್ಥದಲ್ಲಿ ಎಲ್ಲಾರ ಮುಂದೆ ಅಂದ್ಳು, ಇಸ್ಕೂಲ್ ಮಕ್ಕಳಿಗೆ ಬೇಸಾಕೋಳು ನಮ್ಗೇನ್ ಇಕ್ತಾಳೆ ಬುಡಿ ಅಂತ. ಮದುವೇಲೂ ನಮ್ ಕೈಲಿ ಒಂದ್ ಲೋಟ ನೀರು ಈಸ್ಕಳ್ಲಿಲ್ಲ. ಇವತ್ತು ಮೂತಿ ತಿರುವ್ಕಂಡು ಓದ್ಳು ಅಂದ್ರೆ ಆ ಮಗೀಗೆ ತವರಿನ ದಾರಿ ಕಷ್ಟ ಆಯ್ತದೆ. ಅದಕ್ಕೇ ಅಡಿಗೆಯೋರ್ನ ಕರೀದೆ ಸಾರು ನಾನೇ ಮಾಡ್ತಿವ್ನಿ. ಮೊದಲ್ನೇ ಸೌಟು ನನ್ ಕೈಯಿಂದ್ಲೇ ಬೀಳ್ಬೇಕು ಅವಳ ಎಲೆಗೆ."

ನಗು ಪೂರ್ತಿ ಇಳಿದಿತ್ತು. ಒಂದು ಕಲಮನ್ನು ಖಾಲಿ ಬಿಟ್ಟದ್ದು ಎಲ್ಲಿಯವರೆಗೆ ಹೋಗಿ ತಟ್ಟುತ್ತಿದೆ ಎಂದು ಆಗ ಕಂಡಿತು.

ಅವರು ಶೆಡ್ಡಿನ ಬಾಗಿಲಿಗೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು ಒಳಗೆ ನೋಡಿದರು. ಬೆರಳಿನಲ್ಲಿ ಏನೋ ಎಣಿಸಿದರು. ತಿರುಗಿ ಮೀಸೆಯವರನ್ನು ಕೇಳಿದರು.

"ಅಣ್ಣ, ನಿಮ್ ಬೀಗರಲ್ಲಿ ಮಕ್ಕಳೆಷ್ಟು?"

"ಇರ್ತಾವೆ ಒಂದು ಅದಿನೈದು."

"ನಮ್ಮಲ್ಲೂ ಒಂದು ಅತ್ತು. ಮಕ್ಕಳ್ನ ಮೇಜಿಗೆ ಯಾಕೆ ಕೂರಿಸ್ಬೇಕು. ಗೋಡೆ ಮಗ್ಗಲಿಗೆ ಜಮಖಾನ ಆಸಿ ಸಾಲಾಗಿ ಕುಂಡ್ರುಸನ, ಇಸ್ಕೂಲ್ನಂಗೆ. ದೊಡ್ಡೋರು ಇನ್ನೂರ ಮೂವತ್ತೈದು ಆಯ್ತಾರೆ. ಇಡೀತದೆ. ನಮ್ಮೋರು ಎಡಕ್ಕೆ, ನಿಮ್ಮೋರು ಬಲಕ್ಕೆ. ಎರಡು ಕಡೆ ಬೀಗರೂ ಮೊದಲ್ನೇ ಪಂಕ್ತಿ."

ಮೀಸೆಯವರು ಶೆಡ್ಡಿನ ಸಾಲುಗಳನ್ನು ಒಂದು ಸಲ ಎಣಿಸಿದರು. "ನೀವು ದಿನಾ ಎಷ್ಟು ಜನಕ್ಕೆ ಬೇಸ್ತೀರವ್ವ?"

"ನೂರಾ ಎಂಬತ್ತು ಮಕ್ಕಳು."

"ಅಂಗಾದ್ರೆ ನೀವೇ ಏಳಿ, ನಾವು ಕೇಳ್ತೀವಿ."

ಅಲ್ಲಿಂದ ಹನ್ನೆರಡರವರೆಗೆ ನಾನು ಆಫೀಸಿನಲ್ಲಿ ಕೂತು ಡೇಟಾಬೇಸು ಸರಿಮಾಡಿದೆ. ಒಂದೊಂದು ಸಾಲನ್ನೂ ಎರಡೆರಡು ಸಲ ಓದಿ ಆಮೇಲೆ ಒತ್ತುತ್ತಿದ್ದೆ. ಮಾಡಬೇಕಾದ್ದು ಇಷ್ಟೆ. ಮುಹೂರ್ತ ಖಾಲಿ ಇರುವ ಕಡೆಯಲ್ಲೆಲ್ಲ ಬೀಗರೂಟ ಎಂಬ ಪದ ತುಂಬಬೇಕು, ಮುಂದಕ್ಕೆ ಆ ಕಲಮು ಖಾಲಿ ಇರಕೂಡದು ಎಂದು ಕಟ್ಟು ಹಾಕಬೇಕು. ಖಾಲಿಯನ್ನು ಖಾಲಿಯ ಜೊತೆ ಹೋಲಿಸಲು ಆಗದಿದ್ದರೂ, ಒಂದು ಪದವನ್ನು ಅದೇ ಪದದ ಜೊತೆ ಹೋಲಿಸಬಹುದು. ಆಗ ಕಾವಲು ಕೆಲಸ ಮಾಡುತ್ತದೆ.

ಖಾಲಿ ಸಾಲು ನಲವತ್ತಮೂರು ಇದ್ದವು. ಎಲ್ಲವನ್ನೂ ಒಮ್ಮೆಗೇ ತುಂಬಲು ಹೇಳಿದೆ. ಕಂಪ್ಯೂಟರು ಒಪ್ಪಲಿಲ್ಲ. ಇವತ್ತಿನ ತಾರೀಖಿಗೆ ಬೀಗರೂಟ ಎರಡು ಸಲ ಬರುತ್ತಿದೆ ಎಂದು ತಿಳಿಸಿತು. ಇಷ್ಟು ದಿನ ತುಟಿ ಬಿಚ್ಚದೆ ಕೂತಿದ್ದ ಇಂಡೆಕ್ಸು ಈಗ, ಎರಡು ಸಾರೂ ಕುದಿಯುತ್ತಿರುವ ಹೊತ್ತಿಗೆ, ಎಚ್ಚರಿಸುತ್ತಿತ್ತು. ಎರಡನೆಯ ಸಾಲಿಗೆ "ಬೀಗರೂಟ, ಇನ್ನೊಂದು" ಎಂದು ಬರೆದೆ. ಅದು ಸುಳ್ಳಾಗಿರಲಿಲ್ಲ, ಬಾಗಿಲ ಆಚೆ ನಡೆಯುತ್ತಿತ್ತು. ಮತ್ತೆ ತುಂಬಲು ಹೇಳಿದೆ. ಮತ್ತೆ ಒಪ್ಪಲಿಲ್ಲ. ಈ ಸಲ ಬೇರೆ ತಾರೀಖು: ಮುಂದಿನ ತಿಂಗಳ ಒಂದು ಭಾನುವಾರ.

"ಮಾವ" ಎಂದು ಕರೆದೆ. "ಮುಂದಿನ ತಿಂಗಳೂ ಒಂದು ಜೋಡಿ ಇದೆ."

ಮಾವ ತಲೆಯ ಮೇಲೆ ಕೈಯಿಟ್ಟುಕೊಂಡು ಕೂತರು. ಆಮೇಲೆ ಫೋನ್ ತೆಗೆದುಕೊಂಡರು. ಅವರು ಆ ಎರಡರಲ್ಲಿ ಒಂದು ಮನೆಯವರ ಜೊತೆ ಮಾತಾಡಿದ್ದನ್ನು ಕೇಳಿಸಿಕೊಂಡೆ. "ಅಯ್ಯೋ ಇಲ್ಲ ಗೌಡ್ರೆ, ಛತ್ರ ಬಿದ್ದೋಗಿಲ್ಲ. ಒಂದು ವಾರ ಮುಂದಕ್ಕೆ ಓಗನ ಅಂತ. ಊಂ, ಕುರಿ ಇನ್ನೊಂದು ವಾರ ಮೇಯ್ಲಿ ಬುಡಿ, ದಪ್ಪ ಆಯ್ತದೆ." ಆ ಕಡೆಯಿಂದ ದೊಡ್ಡ ನಗು ಕೇಳಿಸಿತು. ಒಂದು ವಾರ ಮುಂದಕ್ಕೆ ಹೋಯಿತು. ಮೂರನೆಯ ಸಲ ತುಂಬಲು ಹೇಳಿದಾಗ ಉಳಿದ ನಲವತ್ತೆರಡೂ ತುಂಬಿದವು. ಪರೀಕ್ಷೆಗೆಂದು ಅದೇ ತಾರೀಖಿಗೆ ಸುಳ್ಳು ಬೀಗರೂಟವೊಂದನ್ನು ಬರೆಯಲು ಹೋದೆ. ತಳ್ಳಿತು. ಇನ್ನೊಂದು ಸಲ ಬರೆದೆ. ತಳ್ಳಿತು. ಆ ತಳ್ಳುವಿಕೆ ಎಷ್ಟು ಹಿತವಾಗಿತ್ತೆಂದರೆ, ಬೇಕಿಲ್ಲದಿದ್ದರೂ ಇನ್ನೂ ನಾಲ್ಕು ಸಲ ಬರೆದು ನೋಡಿದೆ.

ಹನ್ನೆರಡು ನಲವತ್ತಕ್ಕೆ ಕಿರುಗಾವಲಿನ ಕಡೆಯ ಎರಡು ಬಸ್ಸು ಬಂದವು. ಅವು ಇನ್ನೂ ಹಿಂದೆ ಮುಂದೆ ಮಾಡಿ ನಿಲ್ಲಿಸಿಕೊಳ್ಳುತ್ತಿರುವಾಗಲೇ ಮಂಡ್ಯದ ಮೂರು ಬಸ್ಸು ಬಂದವು. ಐದೂ ಬಸ್ಸಿನಿಂದ ಜನ ಒಟ್ಟಿಗೇ ಇಳಿದರು. ರೇಷ್ಮೆ ಸೀರೆ, ಮಲ್ಲಿಗೆ, ಬಿಳಿ ಪಂಚೆ, ಕಂಕುಳಲ್ಲಿ ಕೂಸು. ಶೆಡ್ಡಿನ ಬಾಗಿಲಲ್ಲಿ ಜನರನ್ನು ಎಡಕ್ಕೆ ಬಲಕ್ಕೆ ಬಿಡಿಸಿ ಕಳಿಸುವ ಕೆಲಸ ಮಾವನದು. ನಾನು ಅವರ ಪಕ್ಕದಲ್ಲಿ ನಿಂತಿದ್ದೆ, ಆದ್ದರಿಂದ ಇದನ್ನು ಖಚಿತವಾಗಿ ಹೇಳಬಲ್ಲೆ.

"ನೀವು ಯಾರ ಕಡೆ?" ಎಂದು ಮಾವ ಮೊದಲನೆಯವರನ್ನು ಕೇಳಿದರು.

"ಎಣ್ಣಿನ್ ಕಡೆ" ಎಂದರು ಅವರು.

"ಎಡಕ್ಕೆ ಓಗಿ. ನೀವು?"

"ನಾವೂ ಎಣ್ಣಿನ್ ಕಡೆ."

"ಎಡಕ್ಕೆ. ನೀವು?"

"ಎಣ್ಣಿನ್ ಕಡೆ."

ಸುಮಾರು ಐವತ್ತು ಜನ ಒಳಗೆ ಹೋದ ಮೇಲೆ ಮಾವ ನನ್ನ ಮುಖ ನೋಡಿದರು. ಎಡಗಡೆ ಬೇಯಿಸುತ್ತಿದ್ದವರು ಹೆಂಗಸಾದ್ದರಿಂದ ಹೆಣ್ಣಿನ ಕಡೆ ಎಂದರೆ ಎಡ ಎಂದು ಅವರು ಲೆಕ್ಕ ಹಾಕಿದ್ದರು. ಆದರೆ ಎರಡು ಕಡೆಯೂ ಊಟ ಹಾಕುತ್ತಿದ್ದವರು ಗಂಡಿನ ಮನೆಯವರು. ಬಂದ ಇನ್ನೂರ ಅರವತ್ತು ಜನವೂ ಹೆಣ್ಣಿನ ಕಡೆಯವರು. ಯಾವ ಊರು ಎಂದು ಕೇಳಬೇಕಾಗಿತ್ತು. ಬೆಳಗಿನಿಂದ ಗುರುತು ಹಿಡಿಯುವ ಕಲಮಿನ ಬಗ್ಗೆಯೇ ಮಾತಾಡಿ, ಬಾಗಿಲಲ್ಲಿ ಮತ್ತೆ ಉಪಯೋಗಕ್ಕೆ ಬಾರದ ಕಲಮನ್ನೇ ಹಿಡಿದು ನಿಂತಿದ್ದೆವು.

"ಯಾವೂರು" ಎಂದು ಕೇಳಲು ತೊಡಗುವಷ್ಟರಲ್ಲಿ ಹಿಂದಿನವರು ನೂಕಿದರು. ಎಡ ತುಂಬಿತು. ಜನ ಕಂಡ ಕಂಡ ಕುರ್ಚಿಗೆ ಕೂತರು. ಮೂರು ನಿಮಿಷದಲ್ಲಿ ಮಂಡ್ಯ, ಕಿರುಗಾವಲು ಕಲೆತು ಹೋದವು. ಮಕ್ಕಳು ಜಮಖಾನದ ಮೇಲೆ ಕೂತು, ಯಾರ ಸಾಲಿಗೆ ಮೊದಲು ಮುದ್ದೆ ಬರುತ್ತದೆ ಎಂದು ಪಂದ್ಯ ಕಟ್ಟಿದರು. ಎಡಗಡೆಯ ಪಾತ್ರೆಯವರು ಎಡಕ್ಕೆ, ಬಲಗಡೆಯವರು ಬಲಕ್ಕೆ ಬಡಿಸಲು ಶುರು ಮಾಡಿಬಿಟ್ಟಿದ್ದರು. ಮಂಡ್ಯದ ಒಬ್ಬ ಹಿರಿಯರು ಸೋಮನಹಳ್ಳಿಯ ಬೋಟಿ ತಿಂದು, ಮೀಸೆಯವರನ್ನು ಕರೆದು, ಬೀಗರೇ ಬೋಟಿ ಬೋ ಪಸಂದಾಗದೆ ಎಂದರು. ಮೀಸೆಯವರು ಕೈ ಮುಗಿದು ಎಲ್ಲಾ ನಿಮ್ ಆಶೀರ್ವಾದ ಎಂದರು. ನಾನು ಬಾಗಿಲ ಕಂಬ ಹಿಡಿದುಕೊಂಡೆ. ನಗು ಮತ್ತೆ ಬಂದಿತ್ತು.

ಸೋಮನಹಳ್ಳಿಯ ಆ ಬಿಸಿಯೂಟದ ಅಕ್ಕ ಸಾರಿನ ಬಕೆಟ್ಟು ಹಿಡಿದು ಎಡಗಡೆಯ ಸಾಲುಗಳಲ್ಲಿ ಆ ಅಜ್ಜಿಯ ಮುಖ ಹುಡುಕುತ್ತಿದ್ದರು. ಒಂದು ಸಾಲು ಹೋದರು, ಎರಡನೆಯದು ಹೋದರು. ಆಮೇಲೆ ಅವರು ನಿಂತದ್ದು ಕಂಡಿತು. ಅವರು ನೋಡುತ್ತಿದ್ದ ಕಡೆ ನಾನೂ ನೋಡಿದೆ. ಬಲಗಡೆಯ ಮೂರನೆಯ ಸಾಲಿನ ಕೊನೆಯಲ್ಲಿ, ಹಸಿರು ಸೀರೆಯುಟ್ಟ ತೆಳ್ಳಗಿನ ಒಬ್ಬ ಮುದುಕಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಎಲೆಯಲ್ಲಿ ಮುದ್ದೆ ಬಿದ್ದಾಗಿತ್ತು. ಮೀಸೆಯವರ ಕಡೆಯ ಸಾರೂ ಬಿದ್ದಾಗಿತ್ತು. ಮುದುಕಿ ಒಂದು ತುತ್ತು ಮುರಿದು ಅದ್ದಿ ನುಂಗಿದರು. ಮುಖದಲ್ಲಿ ಏನೂ ತೋರಲಿಲ್ಲ.

ಎಲೆಯ ಮುಂದೆ ಕೂತು ತುತ್ತೆತ್ತಿದವರನ್ನು ಎಬ್ಬಿಸುವ ಹಾಗಿಲ್ಲ. ಅಕ್ಕ ಬಕೆಟ್ಟನ್ನು ಎಡಗೈಯಿಂದ ಬಲಗೈಗೆ ಬದಲಿಸಿಕೊಂಡರು. ನಡುವಿನ ದಾರಿ ದಾಟಿ ಬಲಗಡೆಗೆ ಹೋದರು. ಆ ಸಾಲಿನ ಬಾಯಲ್ಲಿ ಮೀಸೆಯವರೇ ನಿಂತಿದ್ದರು.

"ಏನವ್ವ, ನಮ್ ಸಾಲಿಗೆ ನಿಮ್ ಸಾರಾ?"

"ಕೊನೇಲಿ ಕುಂತಿರೋದು ನಮ್ ಸೊಸೆ ಅಜ್ಜಿ ಕಣಣ್ಣ."

ಮೀಸೆಯವರು ತಿರುಗಿ ಮುದುಕಿಯನ್ನು ನೋಡಿದರು, ಮತ್ತೆ ಅಕ್ಕನ ಮುಖ ನೋಡಿದರು. ಆಮೇಲೆ ಹೊಟ್ಟೆ ಒಳಗೆಳೆದುಕೊಂಡು ಗೋಡೆಗೆ ಅಂಟಿ ನಿಂತು ದಾರಿ ಬಿಟ್ಟರು. ಅವರ ಹೊಟ್ಟೆಗೆ ಅದು ಸುಲಭದ ಕೆಲಸವಾಗಿರಲಿಲ್ಲ.

ಅಕ್ಕ ಸಾಲಿನ ಕೊನೆ ಮುಟ್ಟುವ ಮೊದಲೇ ಮೀಸೆಯವರ ಕಡೆಯ ಬಡಿಸುವವನು ಅಲ್ಲಿಗೆ ಬಂದು ಇನ್ನೊಂದು ಸೌಟು ಸಾರು ಎತ್ತಿದ್ದ. ಮುದುಕಿ ಎಡಗೈಯನ್ನು ಎಲೆಯ ಮೇಲೆ ಅಡ್ಡ ಹಿಡಿದು ಬೇಡವೆಂದರು. ಅವನು ಮುಂದೆ ಹೋದ. ಕೈ ಅಲ್ಲೇ ಉಳಿಯಿತು. ಅಕ್ಕ ಬಂದು ನಿಂತದ್ದು ಆ ಕೈಯ ಎದುರಿಗೆ. ನಾನು ಇಪ್ಪತ್ತು ಅಡಿ ದೂರದಲ್ಲಿದ್ದೆ. ಅಕ್ಕನ ಮುಖ ಕಾಣುತ್ತಿರಲಿಲ್ಲ, ಬೆನ್ನು ಕಾಣುತ್ತಿತ್ತು. ಸೌಟು ಬಕೆಟ್ಟಿನೊಳಗೇ ಇತ್ತು.

ಮುದುಕಿ ತಲೆಯೆತ್ತಿ ಅವರನ್ನು ನೋಡಿದರು. ಬೆವರಿದ್ದ ಕುತ್ತಿಗೆ ನೋಡಿದರು, ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ನೋಡಿದರು, ಮಸಿ ಹತ್ತಿದ ಕೈ ನೋಡಿದರು.

"ನೀನೇ ಬೇಸ್ದಾ?"

"ಊಂ ಅವ್ವ."

ಕೈ ಎಲೆಯ ಮೇಲಿಂದ ಸರಿಯಿತು. ಅಕ್ಕ ಒಂದು ಸೌಟು ಎತ್ತಿ, ಎರಡು ತುಂಡು ಬರುವಂತೆ ನೋಡಿ, ಮುದ್ದೆಯ ಪಕ್ಕಕ್ಕೆ ಬಿಟ್ಟರು. ಮುದುಕಿ ದೊಡ್ಡ ತುತ್ತು ಮುರಿದರು, ಹೊಸ ಸಾರಿನಲ್ಲಿ ಅದ್ದಿದರು, ನುಂಗಿದರು. ಇನ್ನೊಂದು ತುತ್ತು. ಅಕ್ಕ ನಿಂತೇ ಇದ್ದರು. ಅಕ್ಕಪಕ್ಕದವರೆಲ್ಲ ತಮ್ಮ ತಮ್ಮ ಊಟದಲ್ಲಿದ್ದರು.

ಮೂರನೆಯ ತುತ್ತಿಗೆ ಸಾರು ಮುಗಿದಿತ್ತು. ಪಕ್ಕದಲ್ಲಿದ್ದ ಮೀಸೆಯವರ ಕಡೆಯ ಸಾರು ಹಾಗೇ ಇತ್ತು.

"ಇನ್ನೊಂದ್ ಸೌಟು ಬುಡ್ಲಾ ಅವ್ವ?" ಎಂದು ಅಕ್ಕ ಕೇಳಿದರು.

"ಬುಡು ಮತ್ತೆ" ಎಂದರು ಮುದುಕಿ, ತಲೆಯೆತ್ತದೆ. "ಮನೆಯೋರ್ಗೆ ಯಾರಾದ್ರೂ ಕೇಳ್ಕಂಡು ಇಕ್ತಾರಾ?"